ಹಳೆಯ ಕಾರಿಗೊಂದು ಹೊಸ ಅಂಚು

ಚೆನ್ನಾಗಿ ಕಟ್ಟಿದ ಹಳೆಯದೊಂದಕ್ಕೆ ಹೊಸದಾಗಿ ಏನನ್ನಾದರೂ ಸೇರಿಸಲು ಹೊರಟಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಸೇರಿಸುವ ಅಗತ್ಯ ನಿಜಕ್ಕೂ ಇದೆಯೇ? ಇದ್ದರೆ, ಇರುವುದಕ್ಕೆ ಊನವಾಗದಂತೆ ಸೇರಿಸುವುದು ಹೇಗೆ? ಅಜ್ಜ ಕಟ್ಟಿಸಿದ ಮನೆಗೆ ಒಂದು ಕೋಣೆ ಸೇರಿಸುವವರಿಗೂ, ನೂರು ವರ್ಷದ ಶಾಲೆಗೆ ಹೊಸ ಮುಖ್ಯೋಪಾಧ್ಯಾಯರಾಗಿ ಬಂದವರಿಗೂ, ತಲೆಮಾರುಗಳಿಂದ ನಡೆದುಬಂದ ಜಾತ್ರೆಯ ಸಮಿತಿಗೆ ಈ ವರ್ಷವಷ್ಟೇ ಸೇರಿದವರಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ. ಇವಕ್ಕೆ ಕೈಕೆಲಸದಲ್ಲಿ, ಮಿಲಿಮೀಟರ್ ಲೆಕ್ಕದಲ್ಲಿ ಉತ್ತರ ಹುಡುಕುವ ಜನ ಇದ್ದಾರೆ. ಐವತ್ತು ಅರವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಫೈಬರ್‌ಗ್ಲಾಸ್‌ನಲ್ಲಿ ಮೂತಿ, ಬಾಲ, ಗಾಳಿಯನ್ನು ತಡೆದು ತಿರುಗಿಸುವ ಅಂಚುಗಳನ್ನು ಮಾಡಿ ಕೂರಿಸುವವರು ಅವರು. ಈ ಬೆಳಗ್ಗೆ ಸ್ವಲ್ಪ ಹೊತ್ತು ಅವರ ಕೆಲಸದ ಬಗ್ಗೆ ಯೋಚಿಸೋಣ.

ಕಾರು ನಿಂತಿರುವಾಗ ಅದರ ಭಾರವೆಲ್ಲ ನಾಲ್ಕು ಚಕ್ರಗಳ ಮೇಲಿರುತ್ತದೆ. ಓಡತೊಡಗಿದ ಮೇಲೆ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. 1960ರ ದಶಕದ ಎಷ್ಟೋ ಸ್ಪೋರ್ಟ್ಸ್ ಕಾರುಗಳದು ತಗ್ಗಿದ ಮೂತಿ, ಉಬ್ಬಿದ ಬೆನ್ನು, ನಯವಾಗಿ ಇಳಿದುಹೋಗುವ ಹಿಂಭಾಗ. ಕಣ್ಣಿಗೆ ಬಹಳ ಚೆಂದ. ಆದರೆ ಆ ಉಬ್ಬಿನ ಮೇಲೆ ಹಾಯುವ ಗಾಳಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಕಾರಿನ ಬೆನ್ನನ್ನೂ ಮೇಲಕ್ಕೆ ಎಳೆಯುತ್ತದೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗೊತ್ತೇ ಆಗದ ಸಂಗತಿ 180ರಲ್ಲಿ ಚಾಲಕನ ಅಂಗೈಗೆ ತಿಳಿಯುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ, ತಿರುವಿನಲ್ಲಿ ಹಿಂಬದಿ ಜಾರಲು ನೋಡುತ್ತದೆ. ವೇಗ ಹೆಚ್ಚಿದಷ್ಟೂ ನೆಲದ ಹಿಡಿತ ಬೇಕು. ಹಿಡಿತವನ್ನು ಸಡಿಲಿಸುವುದೂ ಅದೇ ವೇಗವೇ.

ಜರ್ಮನಿಯ ಪೋರ್ಷೆ 911 ಇದಕ್ಕೆ ಒಳ್ಳೆಯ ಉದಾಹರಣೆ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಚಾವಣಿ ಒಂದೇ ಗೆರೆಯಲ್ಲಿ ಬಾಗಿ ಹಿಂದಿನ ಬಂಪರಿನವರೆಗೆ ಇಳಿಯುತ್ತದೆ. ಎಂಜಿನ್ ಇರುವುದೂ ಹಿಂದೆಯೇ. 1970ರ ದಶಕದ ಆರಂಭದಲ್ಲಿ ರೇಸ್ ಮೈದಾನದಲ್ಲಿ ಫೋರ್ಡ್ ಮತ್ತು ಬಿಎಂಡಬ್ಲ್ಯು ಕಾರುಗಳ ಪೈಪೋಟಿ ಜೋರಾದಾಗ, ಹೆಚ್ಚಿನ ವೇಗದಲ್ಲಿ 911ರ ಹಿಂಭಾಗ ಹಗುರಾಗುವ ದೋಷಕ್ಕೆ ಪರಿಹಾರ ಬೇಕಾಯಿತು. ಟಿಲ್ಮನ್ ಬ್ರೋಡ್‌ಬೆಕ್ ಎಂಬ ಯುವ ಎಂಜಿನಿಯರ್ ಮತ್ತು ಅವರ ಜತೆಗಾರರು ಕಾರನ್ನು ಗಾಳಿ ಸುರಂಗದಲ್ಲಿ ನಿಲ್ಲಿಸಿದರು. ಎಂಜಿನ್ನಿನ ಮುಚ್ಚಳದ ಮೇಲೆ ವೆಲ್ಡಿಂಗ್ ತಂತಿ, ತೆಳು ತಗಡು ಬಳಸಿ ಒಂದು ಅಂಚನ್ನು ಎಬ್ಬಿಸಿದರು. ಗಾಳಿ ಬಿಟ್ಟು ಅಳೆದರು. ಅಂಚನ್ನು ತುಸು ಎತ್ತರಿಸಿದರು, ಮತ್ತೆ ಅಳೆದರು. ಹೀಗೆ ಸಿಕ್ಕ ಆಕಾರವೇ ಮುಂದೆ ಡಕ್‌ಟೇಲ್ ಎಂದು, ಬಾತುಕೋಳಿಯ ಬಾಲ ಎಂದು ಹೆಸರಾಯಿತು.

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಈ ಬಾಲ ಹೊತ್ತ 911 ಕರೇರಾ ಆರ್‌ಎಸ್ 2.7 ಹೊರಬಂತು. 210 ಅಶ್ವಶಕ್ತಿ, ಗಂಟೆಗೆ 245 ಕಿಲೋಮೀಟರ್ ವೇಗ. ಹಗುರವಾಗಿರಲೆಂದು ಬಾಲದ ಸಮೇತ ಎಂಜಿನ್ನಿನ ಮುಚ್ಚಳವನ್ನು ಫೈಬರ್‌ಗ್ಲಾಸ್‌ನಲ್ಲಿ ಮಾಡಿದ್ದರು. ರೇಸಿನ ನಿಯಮಕ್ಕೆ ಬೇಕಾಗಿದ್ದುದು 500 ಕಾರು. ಬೇಡಿಕೆ ಏರುತ್ತಲೇ ಹೋಗಿ ಕೊನೆಗೆ ತಯಾರಾದದ್ದು 1,580. ಇಂದು ಜಗತ್ತಿನಾದ್ಯಂತ ಹಳೆಯ 911ಗಳಿಗೆ ಇದೇ ಮಾದರಿಯ ಬಾಲವನ್ನು ಫೈಬರ್‌ಗ್ಲಾಸ್‌ನಲ್ಲಿ ಅಚ್ಚು ತೆಗೆದು ಕೂರಿಸುವ ಸಣ್ಣ ಸಣ್ಣ ಕಾರ್ಖಾನೆಗಳಿವೆ.

ಇಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು ಸಂಗತಿ. ಆ ಎಂಜಿನಿಯರುಗಳು ಕಾರನ್ನು ಅಲಂಕರಿಸಲು ಹೋದವರಲ್ಲ. ಕಾರಿಗೆ ಏನೋ ಕೊರತೆಯಿದೆ ಎಂಬುದು ಮೊದಲು ಖಚಿತವಾಯಿತು, ಆ ಕೊರತೆ ಎಷ್ಟೆಂದು ಅಳತೆಯಾಯಿತು, ಆಮೇಲೆ ಅಷ್ಟಕ್ಕೆ ಬೇಕಾದಷ್ಟೇ ಅಂಚು ಎದ್ದಿತು. ನಯವಾದ ಗೆರೆಯನ್ನು ಮುರಿಯುವ ಕಷ್ಟದ ಕೆಲಸವನ್ನು ಅವರು ಮಾಡಿದ್ದು ಅಗತ್ಯ ಇದ್ದದ್ದರಿಂದ. ಬಾಲದ ಚೆಂದ ಆ ಅಗತ್ಯದ ಹಿಂದೆಯೇ ಬಂತು. ಹಳೆಯದಕ್ಕೆ ಸೇರಿಸುವ ಯಾರೇ ಆಗಲಿ ಮೊದಲು ಮಾಡಬೇಕಾದ್ದು ಇದೇ ಅಳತೆ. ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ನಮ್ಮ ಗುರುತು ಮೂಡಿಸುವ ಆತುರ ನಮಗೆಲ್ಲ ಇರುತ್ತದೆ. ಆ ಜಾಗ ಎಲ್ಲಿ ನೆಲ ಬಿಡುತ್ತಿದೆ ಎಂದು ನೋಡಿ ತಿಳಿಯುವಷ್ಟು ವ್ಯವಧಾನ ಎಷ್ಟು ಮಂದಿಗಿದೆ?

ಸೇರಿಸುವುದರಲ್ಲಿ ಸಮತೋಲವೂ ಇರಬೇಕು. ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುವ ಅಂಚು ಹಾಕಿ ಮುಂಭಾಗವನ್ನು ಹಾಗೆಯೇ ಬಿಟ್ಟರೆ, ಮೂತಿ ಹಗುರವಾಗಿ ಕಾರು ತಿರುವಿನಲ್ಲಿ ಮಾತು ಕೇಳದಂತಾಗಬಹುದು. ಆದ್ದರಿಂದಲೇ ಕರೇರಾ ಆರ್‌ಎಸ್‌ಗೆ ಹಿಂದಿನ ಬಾಲದ ಜತೆಗೆ ಮುಂದೆ ಬಂಪರಿನ ಕೆಳಗೂ ಒಂದು ತುಟಿಯಂಚು ಬಂತು. ಜಪಾನಿನ ಡಾಟ್ಸನ್ 240ಝಡ್‌ದು ಬೇರೆ ಸಮಸ್ಯೆ. ಅದರ ಉದ್ದ ಮೂತಿಯ ಕೆಳಗೆ ನುಗ್ಗಿದ ಗಾಳಿ ವೇಗದಲ್ಲಿ ಮುಂಭಾಗವನ್ನು ಎತ್ತುತ್ತಿತ್ತು. ಅಮೆರಿಕದಲ್ಲಿ ಪೀಟರ್ ಬ್ರಾಕ್ ಅವರ ಬಿಆರ್‌ಇ ತಂಡ ಈ ಕಾರನ್ನು ರೇಸಿಗೆ ಇಳಿಸಿದಾಗ ಬಂಪರಿನ ಜಾಗದಲ್ಲಿ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವ ಗಲ್ಲವೊಂದನ್ನು ರೂಪಿಸಿತು. ‘ಸ್ಪೂಕ್’ ಎಂಬ ಹೆಸರಿನ ಆ ಭಾಗ ಇಂದಿಗೂ ಡಾಟ್ಸನ್ ಪ್ರಿಯರ ಅಚ್ಚುಮೆಚ್ಚು. ಜಾನ್ ಮಾರ್ಟನ್ ಓಡಿಸಿದ ಬಿಆರ್‌ಇ ಕಾರು 1970 ಮತ್ತು 1971ರಲ್ಲಿ ತನ್ನ ವರ್ಗದ ರಾಷ್ಟ್ರೀಯ ಚಾಂಪಿಯನ್ ಆಯಿತು. ಒಂದು ಕಾರಿಗೆ ಬೇಕಾದ್ದು ಬಾಲ, ಇನ್ನೊಂದಕ್ಕೆ ಗಲ್ಲ. ಅದನ್ನು ಹೇಳಬೇಕಾದದ್ದು ಆ ಕಾರೇ.

ಇಂಥ ಭಾಗಗಳಿಗೆ ಫೈಬರ್‌ಗ್ಲಾಸೇ ಏಕೆ? ಗಾಜು ಒಡೆಯುವ ವಸ್ತು. ಅದನ್ನೇ ಕೂದಲಿಗಿಂತ ತೆಳ್ಳಗೆ ಎಳೆ ತೆಗೆದರೆ ಎಳೆತಕ್ಕೆ ಜಗ್ಗದ ಬಲ ಬರುತ್ತದೆ. ರೆಸಿನ್ ಎಂಬ ಅಂಟುದ್ರವ ಒಂಟಿಯಾಗಿ ಗಟ್ಟಿಯಾದರೆ ಬಿರುಕು ಬಿಡುತ್ತದೆ. ಗಾಜಿನ ಎಳೆಗಳನ್ನು ಅದರಲ್ಲಿ ನೆನೆಸಿ ಗಟ್ಟಿಯಾಗಿಸಿದರೆ ಎರಡೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಗಾಜಿನ ಎಳೆ ತೆಗೆಯುವ ಉದ್ಯಮ 1930ರ ದಶಕದ ಅಮೆರಿಕದಲ್ಲಿ ಬೆಳೆಯಿತು. ಎರಡನೇ ಮಹಾಯುದ್ಧದ ನಂತರ ದೋಣಿಗಳಿಗೂ ಕಾರುಗಳಿಗೂ ಬಂತು. 1953ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಷೆವ್ರೊಲೆ ಕಾರ್ವೆಟ್ ಹೊರಬಂದಾಗ ಅದರ ಮೈಯೆಲ್ಲ ಫೈಬರ್‌ಗ್ಲಾಸ್. ಆ ವರ್ಷ ತಯಾರಾದದ್ದು 300 ಕಾರು, ಎಲ್ಲವೂ ಬಿಳಿ. 1957ರ ಲೋಟಸ್ ಎಲೀಟ್ ಇನ್ನೂ ಮುಂದೆ ಹೋಗಿ ಕಾರಿನ ಮೈಯನ್ನೂ ಅಸ್ಥಿಪಂಜರವನ್ನೂ ಒಂದೇ ಫೈಬರ್‌ಗ್ಲಾಸ್ ಚಿಪ್ಪಾಗಿ ಮಾಡಿತು.

ದೊಡ್ಡ ಬಂಡವಾಳವಿಲ್ಲದವರಿಗೆ ಇದು ವರವಾಯಿತು. ಉಕ್ಕಿನ ತಗಡನ್ನು ಒತ್ತಿ ಆಕಾರ ಕೊಡಲು ಭಾರಿ ಯಂತ್ರ ಬೇಕು, ಆ ಯಂತ್ರಕ್ಕೊಂದು ದುಬಾರಿ ಡೈ ಬೇಕು. ಫೈಬರ್‌ಗ್ಲಾಸಿಗೆ ಒಂದು ಶೆಡ್ಡು, ಒಂದು ಅಚ್ಚು, ಬ್ರಷ್ಷು, ರೋಲರ್ ಇದ್ದರೆ ಸಾಕು. 1958ರಲ್ಲಿ ಬಂದ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಕಾರಿಗೆ ಇಂಗ್ಲೆಂಡಿನ ಹಲವು ಸಣ್ಣ ಕಂಪನಿಗಳು ಹಗುರವಾದ, ಗಾಳಿಯನ್ನು ಚೆನ್ನಾಗಿ ಸೀಳುವ ಬಾನೆಟ್ಟುಗಳನ್ನು ಹೀಗೆಯೇ ಮಾಡಿದವು. ಆಶ್ಲಿ, ಲೆನ್ಹಂ, ಮುಂದೆ ಎರಡು ಬಾರಿ ವಿಶ್ವ ಚಾಂಪಿಯನ್ ಆದ ಗ್ರಹಾಂ ಹಿಲ್ ತೊಡಗಿಕೊಂಡಿದ್ದ ಸ್ಪೀಡ್‌ವೆಲ್, ಇವೆಲ್ಲ ಆ ಕಾಲದ ಹೆಸರುಗಳು.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. 1970ರ ದಶಕದಲ್ಲಿ ಇಲ್ಲಿ ತಯಾರಾದ ಬಾದಲ್ ಎಂಬ ಮೂರು ಚಕ್ರದ ಕಾರಿನ ಮೈ ಫೈಬರ್‌ಗ್ಲಾಸಿನದು. 1982ರ ಹೊತ್ತಿಗೆ ಅದನ್ನು ತಯಾರಿಸಿದ ಸಿಪಾನಿ ಸಂಸ್ಥೆಯೇ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ಡಾಲ್ಫಿನ್ ತಂದಿತು. ಎರಡು ಬಾಗಿಲು, 848 ಸಿಸಿ ಎಂಜಿನ್, ಫೈಬರ್‌ಗ್ಲಾಸಿನ ಹಗುರ ಮೈ. ಸಂಸಾರಸ್ಥರು ಅದನ್ನು ಹೆಚ್ಚಾಗಿ ಕೊಳ್ಳಲಿಲ್ಲ. ರೇಸಿನವರು ಮಾತ್ರ ಅದರ ಹಗುರತನದ ಬೆಲೆ ಕಂಡುಕೊಂಡರು. ಮದ್ರಾಸಿನ ಹತ್ತಿರದ ಶೋಳಾವರಂ ಮೈದಾನದಲ್ಲೂ ರ‍್ಯಾಲಿಗಳಲ್ಲೂ ಡಾಲ್ಫಿನ್ ಓಡಿತು. ನಮ್ಮ ಕರಾವಳಿಯಲ್ಲಿ ಮೀನಿಗೆ ಹೋಗುವ ಫೈಬರ್ ದೋಣಿಗಳನ್ನು ಮಾಡುವವರ ಕೈಗೂ ಗಾಜಿನ ಎಳೆಗಳ ಹಾಸಾದ ಮ್ಯಾಟು, ಈ ರೆಸಿನ್ ಚೆನ್ನಾಗಿ ಗೊತ್ತು. ಇದು ನಮಗೆ ಪರಕೀಯ ವಿದ್ಯೆಯೇನಲ್ಲ.

ಈಗ ಕೆಲಸದ ಒಳಗೆ ಹೋಗೋಣ. ಮೊದಲು ಒಂದು ಮಾದರಿ ಬೇಕು. ಮರ, ಫೋಮ್, ಪುಟ್ಟಿ ಬಳಸಿ ಬೇಕಾದ ಆಕಾರವನ್ನು ಕೈಯಲ್ಲೇ ಕಟ್ಟುತ್ತಾರೆ, ಅಥವಾ ಕಾರಿನ ಮೂಲ ಭಾಗವನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಒರಟು ಕಾಗದದಿಂದ ಶುರುಮಾಡಿ ನೀರು ಹಾಕಿ ಉಜ್ಜುವ ನಯವಾದ ವಾಟರ್ ಪೇಪರ್‌ವರೆಗೆ ಉಜ್ಜಿ, ಕನ್ನಡಿಯಷ್ಟು ನುಣುಪಾದ ಮೇಲೆ ಮೇಣವನ್ನು ಹಚ್ಚಿ ಒರೆಸಿ, ಮತ್ತೆ ಹಚ್ಚಿ ಒರೆಸುತ್ತಾರೆ. ಅದರ ಮೇಲೆ ಫೈಬರ್‌ಗ್ಲಾಸ್ ಹೊದಿಸಿ ತೆಗೆದದ್ದು ಅಚ್ಚು. ಆ ಅಚ್ಚಿನೊಳಗೆ ಮತ್ತೆ ಹೊದಿಸಿ ತೆಗೆದದ್ದು ಕಾರಿಗೆ ಹೋಗುವ ಭಾಗ.

ಅಚ್ಚಿನೊಳಗಿನ ಕೆಲಸದ ಕ್ರಮ ತಿರುವುಮುರುವು. ಅಚ್ಚಿಗೆ ಎಲ್ಲಕ್ಕಿಂತ ಮೊದಲು ಬಳಿಯುವ ಜೆಲ್‌ಕೋಟ್ ಎಂಬ ಪದರವೇ ಕೊನೆಗೆ ಹೊರಮೈ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ತೀರ ತೆಳ್ಳಗಾದರೆ ಮೇಲೆ ಬೀಳುವ ರೆಸಿನ್ ಅದನ್ನು ಕೆದಕಿ ಸುಕ್ಕುಗಟ್ಟಿಸುತ್ತದೆ. ದಪ್ಪವಾದರೆ ಮುಂದೊಂದು ದಿನ ಬಿರುಕು ಬಿಡುತ್ತದೆ. ಅದು ಹದಕ್ಕೆ ಬಂದಿದೆಯೇ ಎಂದು ನೋಡಲು ಅನುಭವಿಗಳು ಬೆರಳು ಮುಟ್ಟಿಸಿ ತೆಗೆಯುತ್ತಾರೆ. ಅಂಟಿದಂತಾಗಬೇಕು, ಆದರೆ ಬೆರಳಿಗೆ ಬಣ್ಣ ಬರಬಾರದು. ಅದು ಗಾಜಿನ ಮ್ಯಾಟ್ ಹಾಸುವ ಗಳಿಗೆ.

ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಮ್ಯಾಟನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತಾರೆ. ಅಂಚುಗಳನ್ನು ಕತ್ತರಿಯಲ್ಲಿ ಕತ್ತರಿಸುವ ಬದಲು ಕೈಯಲ್ಲಿ ಹರಿಯುವುದು ವಾಡಿಕೆ. ಹರಿದ ಅಂಚಿನ ಎಳೆಗಳು ಪಕ್ಕದ ತುಂಡಿನೊಳಗೆ ಬೆರೆತು ಜೋಡಣೆಯ ಗೆರೆ ಮಾಯವಾಗುತ್ತದೆ. ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಅಷ್ಟರಿಂದಲೇ ಡಬ್ಬಿ ಕೈಯಲ್ಲಿ ಬೆಚ್ಚಗಾಗತೊಡಗುತ್ತದೆ. ಆಮೇಲೆ ಬೆಲ್ಲದ ಪಾಕದ ಮುಂದೆ ನಿಂತವರ ಹಾಗೆಯೇ, ಹದ ಮೀರುವ ಮೊದಲು ಕೈ ಮುಗಿಸಬೇಕು. ಮ್ಯಾಟಿನ ಮೇಲೆ ರೆಸಿನ್ ಬಿದ್ದಾಗ ಬಿಳಿ ಎಳೆಗಳು ನೆನೆದು ನೆನೆದು ಪಾರದರ್ಶಕವಾಗುತ್ತವೆ. ಬ್ರಷ್ಷನ್ನು ಎಳೆದು ಹಚ್ಚುವಂತಿಲ್ಲ, ಎಳೆದರೆ ಎಳೆಗಳು ಸರಿದುಹೋಗುತ್ತವೆ. ತುದಿಯಿಂದ ಕುಟ್ಟಿ ಕುಟ್ಟಿ ನೆನೆಸಬೇಕು. ಆಮೇಲೆ ಹಲ್ಲುಹಲ್ಲಾದ ಲೋಹದ ರೋಲರ್ ಉರುಳಿಸಿ ಒಳಗೆ ಸಿಕ್ಕಿಬಿದ್ದ ಗಾಳಿಯನ್ನು ಅಂಚಿಗೆ ತಳ್ಳಬೇಕು.

ಈ ಕೆಲಸದ ಸತ್ವಪರೀಕ್ಷೆ ಇರುವುದು ಮೂಲೆಗಳಲ್ಲಿ. ಬಾಲದ ಅಂಚು ಮೇಲಕ್ಕೆ ತಿರುಗುವ ಜಾಗದಲ್ಲಿ, ಗಲ್ಲದ ಕೆಳತುದಿ ಒಳಕ್ಕೆ ಮಡಿಯುವ ಜಾಗದಲ್ಲಿ ಮ್ಯಾಟ್ ಬಾಗಲು ಒಪ್ಪುವುದಿಲ್ಲ. ಅಲ್ಲೊಂದು ಬಿಳಿ ಚುಕ್ಕೆ ಉಳಿಯುತ್ತದೆ. ಅದು ಗಾಳಿಯ ಗುಳ್ಳೆ. ಈಗ ಅದನ್ನು ಕುಟ್ಟಿ ಓಡಿಸಲು ಅರ್ಧ ನಿಮಿಷ ಸಾಕು. ಬಿಟ್ಟರೆ ಮೇಲಿನ ಪದರಗಳು ಅದನ್ನು ಮುಚ್ಚಿಬಿಡುತ್ತವೆ, ಹೊರಗಿನಿಂದ ನೋಡುವ ಯಾರಿಗೂ ಕಾಣುವುದಿಲ್ಲ. ಕಾರು ಬಣ್ಣ ಹೊಡೆಸಿಕೊಂಡು ಬಿಸಿಲಲ್ಲಿ ನಿಂತ ದಿನ ಆ ಗಾಳಿ ಹಿಗ್ಗುತ್ತದೆ. ಹಿಂದೆ ಆಸರೆಯಿಲ್ಲದ ಜೆಲ್‌ಕೋಟ್ ಅಲ್ಲಿ ಉಬ್ಬುತ್ತದೆ, ಇಲ್ಲವೇ ಸಣ್ಣ ಕಲ್ಲೊಂದು ಬಡಿದಾಗ ಪುಡಿಯಾಗಿ ಉದುರುತ್ತದೆ. ಒಳ್ಳೆಯ ಕೆಲಸಗಾರ ಎಂಬ ಮಾತಿಗೆ ಅರ್ಥ ಬರುವುದು ಆ ಅರ್ಧ ನಿಮಿಷದಲ್ಲಿ.

ಇನ್ನೊಂದು ಮಾತು. ತಾನು ಮಾಡುತ್ತಿರುವ ಭಾಗದ ಮುಖವನ್ನು ಕೆಲಸಗಾರ ಕೆಲಸ ಮುಗಿಯುವವರೆಗೆ ನೋಡಲಾರ. ಮುಖ ಅಚ್ಚಿಗೆ ಅಂಟಿಕೊಂಡಿದೆ. ಅವನ ಕಣ್ಣಿಗೆ ಬೀಳುವುದು ಬೆನ್ನು ಮಾತ್ರ, ಎಳೆಗಳೆದ್ದ ಒರಟು ಬೆನ್ನು. ಆ ಬೆನ್ನಿನ ಕಡೆ ಶ್ರದ್ಧೆಯಿಂದ ದುಡಿದರೆ ಮುಖ ತಾನಾಗಿ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಕೆಲಸ ನಿಂತಿದೆ. ಮಕ್ಕಳಿಗೆ ಅಕ್ಷರ ಕಲಿಸುವವರ, ರೋಗಿಗಳನ್ನು ನೋಡಿಕೊಳ್ಳುವವರ, ಹೊಲಕ್ಕೆ ಗೊಬ್ಬರ ಹೊರುವವರ ದುಡಿಮೆಯೂ ಬಹುಮಟ್ಟಿಗೆ ಬೆನ್ನಿನ ಕಡೆಯದೇ. ಫಲದ ಮುಖ ಕಾಣುವ ಮೊದಲೇ ಅವರು ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿರುತ್ತಾರೆ.

ಪದರಗಳು ಮುಗಿದ ಮೇಲೆ ಕಾಯಬೇಕು. ಮುಟ್ಟಿದರೆ ಕಲ್ಲಿನಷ್ಟು ಗಟ್ಟಿ ಎನಿಸಿದರೂ ಒಳಗೆ ರೆಸಿನ್ ಇನ್ನೂ ಕುಗ್ಗುತ್ತಾ, ಬಿಗಿಯುತ್ತಾ ಇರುತ್ತದೆ. ಹಸಿ ಇರುವಾಗಲೇ ಅಚ್ಚಿನಿಂದ ಎಬ್ಬಿಸಿದರೆ ಭಾಗ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗೆ ಗಟ್ಟಿಯಾದದ್ದನ್ನು ನೆಟ್ಟಗೆ ಮಾಡುವುದು ಬಹಳ ಕಷ್ಟ. ಬೇಗ ಆಗಲಿ ಎಂದು ಹಾರ್ಡ್‌ನರ್ ಹೆಚ್ಚು ಸುರಿದರೆ ಬಿಸಿ ಏರಿ ಇನ್ನಷ್ಟು ತಿರುಚಿಕೊಳ್ಳುತ್ತದೆ. ಅಚ್ಚಿನಿಂದ ತೆಗೆದ ಮೇಲೂ ಬಣ್ಣಕ್ಕೆ ಅವಸರ ಮಾಡುವಂತಿಲ್ಲ. ಬಲ್ಲವರು ಭಾಗವನ್ನು ಬೆಚ್ಚಗಿನ ಜಾಗದಲ್ಲೋ ಬಿಸಿಲಲ್ಲೋ ಬಿಟ್ಟು, ಕುಗ್ಗುವಷ್ಟು ಕುಗ್ಗಿದ ಮೇಲೆ ಬಣ್ಣಕ್ಕೆ ಕಳಿಸುತ್ತಾರೆ. ಹಾಗೆ ಮಾಡದಿದ್ದರೆ ಕನ್ನಡಿಯಂತಿದ್ದ ಬಣ್ಣದ ಕೆಳಗಿನಿಂದ ಕೆಲವೇ ತಿಂಗಳಲ್ಲಿ ಗಾಜಿನೆಳೆಗಳ ಗುರುತು ಮೇಲೆದ್ದು ಕಾಣುತ್ತದೆ. ವಸ್ತುವಿಗೆ ಕೊಡದೆ ಉಳಿಸಿಕೊಂಡ ಸಮಯವನ್ನು ವಸ್ತು ಆಮೇಲೆ ಕೇಳಿ ಪಡೆಯುತ್ತದೆ.

ಅಚ್ಚು ಸುಳ್ಳು ಹೇಳುವುದಿಲ್ಲ. ಮಾದರಿಯ ಮೇಲೆ ಒಂದು ಬೆರಳಚ್ಚು ಉಳಿದಿದ್ದರೂ ಅದು ಅಚ್ಚಿಗೆ ಬರುತ್ತದೆ, ಅಲ್ಲಿಂದ ಮುಂದೆ ಹುಟ್ಟುವ ಪ್ರತಿಯೊಂದು ಭಾಗಕ್ಕೂ ಇಳಿಯುತ್ತದೆ. ಅಪಘಾತವಾಗಿ ರಿಪೇರಿಯಾದ ಕಾರೊಂದರ ಮಡ್‌ಗಾರ್ಡಿನಿಂದ ಅಚ್ಚು ತೆಗೆದರೆ ಆ ಅಪಘಾತದ ಓರೆ ಎಲ್ಲ ಪ್ರತಿಗಳಲ್ಲೂ ಉಳಿಯುತ್ತದೆ. ಮಾರಾಟಕ್ಕಿರುವ ಕೆಲವು ಅಗ್ಗದ ಭಾಗಗಳು ಇನ್ನೂ ದೂರದ ಸಂತಾನ. ಯಾರೋ ಮಾಡಿದ ಪ್ರತಿಯಿಂದ ಅಚ್ಚು ತೆಗೆದು, ಆ ಅಚ್ಚಿನ ಪ್ರತಿಯಿಂದ ಮತ್ತೊಂದು ಅಚ್ಚು ತೆಗೆದಿರುತ್ತಾರೆ. ರೆಸಿನ್ ಪ್ರತಿ ಸಲ ತುಸು ಕುಗ್ಗುವುದರಿಂದ ಪ್ರತಿಯ ಪ್ರತಿ ಅಳತೆಯಲ್ಲಿ ಸ್ವಲ್ಪ ಕಿರಿದು, ಅಂಚುಗಳಲ್ಲಿ ಸ್ವಲ್ಪ ಮೊಂಡು. ನೋಡಲು ಅದೇ ಬಾಲ. ಕಾರಿನ ಮೇಲಿಟ್ಟಾಗ ಎರಡೂ ಕಡೆ ಕೂರುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಗೌರವಿಸುವವರು ಮೂಲವನ್ನು ಹುಡುಕಿಕೊಂಡು ಹೋಗುತ್ತಾರೆ. ಪೆಟ್ಟಾಗದ ಒಂದು ಹಳೆಯ ಕಾರು ಎಲ್ಲಿದೆ ಎಂದು ವಿಚಾರಿಸಿ, ಮಾಲೀಕರನ್ನು ಒಪ್ಪಿಸಿ, ಅದರಿಂದಲೇ ಅಚ್ಚು ತೆಗೆಯುತ್ತಾರೆ. ಯಾವುದೇ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವಾಗ ನಾವು ಮಾಡಬೇಕಾದ್ದೂ ಇದೇ. ಕೇಳಿದವರಿಂದ ಕೇಳಿದ್ದರಲ್ಲಿ ತೃಪ್ತರಾಗದೆ, ಸಾಧ್ಯವಿರುವವರೆಗೆ ಮೂಲದ ಹತ್ತಿರ ಹೋಗಬೇಕು.

ಭಾಗ ಸಿದ್ಧವಾಯಿತು ಎಂದರೆ ಅರ್ಧ ಕೆಲಸ ಆಯಿತು ಎಂದರ್ಥ. ಉಳಿದರ್ಧ ಕೂರಿಸುವುದು. ಆ ಕಾಲದ ಸ್ಪೋರ್ಟ್ಸ್ ಕಾರುಗಳಲ್ಲಿ ಬಹಳಷ್ಟು ಕೈಕೆಲಸವಿತ್ತು. ಎಡಮಡ್‌ಗಾರ್ಡಿಗೂ ಬಲಮಡ್‌ಗಾರ್ಡಿಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯ. ಮೇಲಾಗಿ ಅರ್ಧ ಶತಮಾನದ ಓಟ, ತುಕ್ಕು, ಟಿಂಕರಿಂಗ್ ಎಲ್ಲ ಸೇರಿ ಪ್ರತಿ ಕಾರೂ ತನ್ನದೇ ಆದ ಮೈಕಟ್ಟಿಗೆ ಬಂದಿರುತ್ತದೆ. ಹೀಗಾಗಿ ಕೂರಿಸುವವರು ಮೊದಲು ಕಾರನ್ನು ಅದರ ಚಕ್ರಗಳ ಮೇಲೆ ಸಮನೆಲದಲ್ಲಿ ನಿಲ್ಲಿಸುತ್ತಾರೆ. ಸ್ಟ್ಯಾಂಡಿನ ಮೇಲೆತ್ತಿದರೆ ಮೈ ಸೂಕ್ಷ್ಮವಾಗಿ ಬಾಗಿ ಅಳತೆ ತಪ್ಪುತ್ತದೆ. ಬಾಗಿಲು, ಬಾನೆಟ್ಟುಗಳ ಸಂದುಗಳನ್ನು ಮೊದಲೇ ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಹೊಸ ಭಾಗವನ್ನು ಬೋಲ್ಟ್ ಹಾಕದೆ ಸುಮ್ಮನೆ ಇಟ್ಟು ನೋಡುತ್ತಾರೆ. ಎಲ್ಲಿ ತಾಗುತ್ತದೆ, ಎಲ್ಲಿ ಬಿಟ್ಟುಕೊಂಡಿದೆ ಎಂದು ಟೇಪಿನ ಮೇಲೆ ಗುರುತು ಹಾಕುತ್ತಾರೆ. ತೆಗೆಯುತ್ತಾರೆ, ಉಜ್ಜುತ್ತಾರೆ, ಮತ್ತೆ ಇಡುತ್ತಾರೆ.

ಉಜ್ಜುವಾಗ ಅರವನ್ನು ಜೆಲ್‌ಕೋಟಿನ ಕಡೆಯಿಂದ ಒಳಮೈ ಕಡೆಗೆ ಓಡಿಸಬೇಕು. ಹಿಂದುಮುಂದಾದರೆ ಹೊರಪದರ ಚಕ್ಕೆ ಏಳುತ್ತದೆ. ಬೋಲ್ಟಿನ ತೂತು ಬೋಲ್ಟಿಗಿಂತ ತುಸು ದೊಡ್ಡದಿರಬೇಕು. ಬಿಸಿಲಿಗೆ ಉಕ್ಕು ಹಿಗ್ಗುವ ಪ್ರಮಾಣ ಬೇರೆ, ಫೈಬರ್‌ಗ್ಲಾಸ್ ಹಿಗ್ಗುವ ಪ್ರಮಾಣ ಬೇರೆ. ಸರಿದಾಡಲು ಜಾಗ ಬಿಡದಿದ್ದರೆ ಒತ್ತಡ ತೂತಿನ ಸುತ್ತ ಬಿರುಕಾಗುತ್ತದೆ. ಭಾರ ಹಂಚಿಕೆಯಾಗಲೆಂದು ಅಗಲವಾದ ವಾಷರ್ ಹಾಕುತ್ತಾರೆ, ಸಾಕೆನಿಸುವಷ್ಟೇ ಬಿಗಿಯುತ್ತಾರೆ. ಅತಿಯಾಗಿ ಬಿಗಿದ ಬೋಲ್ಟಿನ ಸುತ್ತ ನಕ್ಷತ್ರದಾಕಾರದ ಬಿರುಕುಗಳು ಏಳುವುದನ್ನು ಈ ಕೆಲಸದವರೆಲ್ಲ ಕಂಡಿದ್ದಾರೆ. ಬಿಗಿಯುವುದು ಬಲ್ಲವರು ಬಹಳ. ಎಲ್ಲಿ ನಿಲ್ಲಿಸಬೇಕು ಎಂಬುದು ಅನುಭವದಿಂದಲೇ ಬರಬೇಕು.

ಇಷ್ಟೆಲ್ಲದರಲ್ಲೂ ಒಂದು ನಿಯಮವನ್ನು ಬಲ್ಲ ಕೆಲಸಗಾರ ಮುರಿಯುವುದಿಲ್ಲ. ಹೊಸ ಭಾಗ ಕೂರಲಿಲ್ಲವೆಂದು ಹಳೆಯ ಕಾರಿನ ಉಕ್ಕನ್ನು ಕತ್ತರಿಸುವುದಿಲ್ಲ. ಉಜ್ಜಿಸಿಕೊಳ್ಳಬೇಕಾದದ್ದು, ಕೊರತೆ ಬಿದ್ದಲ್ಲಿ ಪದರ ಸೇರಿಸಿಕೊಳ್ಳಬೇಕಾದದ್ದು ಹೊಸತು. ಕಾರಿನ ಎಡಗಡೆ ಮೂರು ಮಿಲಿಮೀಟರ್ ತಗ್ಗಿದ್ದರೆ ಬಾಲದ ಎಡಗಡೆಯೂ ಮೂರು ಮಿಲಿಮೀಟರ್ ತಗ್ಗಬೇಕು. ಹೀಗೆ ಬಗ್ಗಿದ ಹೊಸ ಭಾಗಕ್ಕೆ ಅವಮಾನವೇನೂ ಆಗುವುದಿಲ್ಲ. ಸಂದು ತುದಿಯಿಂದ ತುದಿಗೆ ಒಂದೇ ಅಗಲದಲ್ಲಿ ಹರಿದಾಗ, ಹೊಸದು ಹುಟ್ಟಿನಿಂದಲೇ ಅಲ್ಲಿತ್ತೇನೋ ಎನಿಸುತ್ತದೆ. ಹೊಸದಾಗಿ ಬಂದವರು ಒಂದು ಮನೆಗೆ, ಒಂದು ಊರಿಗೆ, ಒಂದು ಸಂಸ್ಥೆಗೆ ಸೇರಿಹೋಗುವ ಬಗೆಯನ್ನು ನಾನು ಈ ಕೆಲಸದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ. ಮೊದಲು ಇಟ್ಟು ನೋಡುವುದು, ತಾಗುವ ಜಾಗ ಗುರುತಿಸುವುದು, ತನ್ನ ಅಂಚನ್ನು ತಾನೇ ತಿದ್ದಿಕೊಳ್ಳುವುದು.

ಇದರಿಂದ ಹಳೆಯದೆಲ್ಲ ಪೂಜ್ಯ, ಅದನ್ನು ಮುಟ್ಟಲೇಬಾರದು ಎಂದಾಗುವುದಿಲ್ಲ. 911ಕ್ಕೆ ಬಾಲ ಬೇಕೇ ಇತ್ತು. ಅದಿಲ್ಲದೆ ಹೆಚ್ಚಿನ ವೇಗದಲ್ಲಿ ಆ ಕಾರು ಅಪಾಯಕ್ಕೆ ಹತ್ತಿರವಾಗುತ್ತಿತ್ತು. ಹಳೆಯದರ ದೋಷವನ್ನು ದೋಷವೆಂದು ಹೇಳುವುದೂ ಪ್ರೀತಿಯ ಕೆಲಸವೇ. ಆದರೆ ತಿದ್ದುವವನು ತಾನೂ ತಪ್ಪಬಹುದು ಎಂಬ ಅರಿವಿನಿಂದ ತಿದ್ದಬೇಕು. ಹಾಗಾಗಿ ವಿವೇಕಿಗಳು ಈ ಭಾಗಗಳನ್ನು ಮತ್ತೆ ಬಿಚ್ಚಲು ಬರುವಂತೆ ಕೂರಿಸುತ್ತಾರೆ. ಮೂಲ ಮುಚ್ಚಳವನ್ನು ಬಟ್ಟೆ ಸುತ್ತಿ ಅಟ್ಟದ ಮೇಲೆ ಎತ್ತಿಡುತ್ತಾರೆ. 1973ರ ಬಿಎಂಡಬ್ಲ್ಯು 3.0 ಸಿಎಸ್‌ಎಲ್ ಕಾರನ್ನು ಕೊಂಡವರಿಗೆ ಅದರ ದೊಡ್ಡ ಹಿಂಬದಿ ರೆಕ್ಕೆಯನ್ನು ಡಿಕ್ಕಿಯಲ್ಲಿಟ್ಟು ಕೊಡುತ್ತಿದ್ದರು. ಅಂಥ ರೆಕ್ಕೆಯನ್ನು ರಸ್ತೆಯಲ್ಲಿ ಓಡುವ ಕಾರಿಗೆ ಹಾಕಲು ಜರ್ಮನಿಯ ಕಾನೂನು ಒಪ್ಪುತ್ತಿರಲಿಲ್ಲ. ರೇಸಿನಲ್ಲಿ ಅದೇ ರೆಕ್ಕೆ ಹೊತ್ತ ಕಾರುಗಳು ಆ ವರ್ಷ ಯುರೋಪಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಗೆದ್ದವು. ಸೇರಿಸಿದ್ದಕ್ಕೂ ಅದರ ಜಾಗ, ಅದರ ಹೊತ್ತು ಎಂಬುದಿದೆ. ಬೇಡವಾದ ಕಡೆ ತೆಗೆದಿಡಲು ಬರುವಂತಿದ್ದರೆ ಅದು ಒಳ್ಳೆಯ ಸೇರ್ಪಡೆ.

ಈ ಕೆಲಸ ಮಾಡುವವರ ಮೈಯನ್ನೂ ನಾವು ನೆನೆಯಬೇಕು. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿ ತಲೆ ಹಿಡಿಯುತ್ತದೆ. ಹಾರ್ಡ್‌ನರ್‌ನ ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಉಜ್ಜುವಾಗ ಏಳುವ ಗಾಜಿನ ಧೂಳು ಮುಂಗೈಗೆ, ಕುತ್ತಿಗೆಗೆ ಅಂಟಿ ರಾತ್ರಿಯೆಲ್ಲ ತುರಿಸುತ್ತದೆ. ಅದಕ್ಕೇ ಅನುಭವಿಗಳು ಕೆಲಸ ಬಿಟ್ಟ ಕೂಡಲೇ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳುತ್ತಾರೆ. ಮಾಸ್ಕು, ಕೈಗವಸು, ಕನ್ನಡಕ, ಗಾಳಿಯಾಡುವ ಶೆಡ್ಡು ಇವೆಲ್ಲ ಅವರಿಗೆ ಸಲ್ಲಬೇಕಾದ ಕನಿಷ್ಠ ಗೌರವ. ಕಾರಿನ ಚೆಂದವನ್ನು ಹೊಗಳುವ ನಾವು ಆ ಚೆಂದ ಯಾರ ಉಸಿರಿನ ಬೆಲೆಯಲ್ಲಿ ಬಂತು ಎಂದೂ ಕೇಳಬೇಕು. ಆ ಬೆಲೆ ತೆರಬೇಕಾಗಿ ಬರದಂತೆ ನೋಡಿಕೊಳ್ಳುವ ಹೊಣೆ ಕೆಲಸ ಕೊಡುವವರದು, ಅವರ ಮೂಲಕ ನಮ್ಮದೂ.

ಇಂದು ನಮ್ಮಲ್ಲಿ ಹಲವರು ಯಾವುದೋ ಹಳೆಯದಕ್ಕೆ ಹೊಸದನ್ನು ಸೇರಿಸಲು ಹೊರಟಿರುತ್ತೇವೆ. ಕಚೇರಿಗೆ ಒಂದು ಹೊಸ ಕ್ರಮ, ಮನೆಗೆ ಒಂದು ಹೊಸ ಅಭ್ಯಾಸ, ಹಳೆಯ ಸ್ನೇಹಕ್ಕೆ ಆಡದೇ ಉಳಿದ ಒಂದು ಮಾತು. ಬೇಕಾದ್ದು ಎಷ್ಟೆಂದು ಮೊದಲು ಅಳೆಯೋಣ. ಮೂಲೆಯ ಗುಳ್ಳೆಯನ್ನು ಹಸಿ ಇರುವಾಗಲೇ ಹೊರಗೆ ತಳ್ಳೋಣ. ತಾಗಿದ ಕಡೆ ನಮ್ಮ ಅಂಚನ್ನೇ ಉಜ್ಜಿಕೊಳ್ಳೋಣ. ಕೈಯಿಂದ ದುಡಿಯುವ ಯಾರಿಗಾದರೂ, ಬಡಗಿಗಾಗಲಿ ದರ್ಜಿಗಾಗಲಿ ಗ್ಯಾರೇಜಿನವರಿಗಾಗಲಿ, ಇಂದು ಕೆಲಸ ಒಪ್ಪಿಸುವುದಿದ್ದರೆ ‘ಯಾವತ್ತು ಕೊಡ್ತೀರಿ?’ ಎಂದು ಕೇಳುವ ಮುಂಚೆ ‘ಚೆನ್ನಾಗಿ ಆಗೋಕೆ ಎಷ್ಟು ದಿನ ಬೇಕು?’ ಎಂದು ಕೇಳಿ, ಅವರು ಹೇಳಿದಷ್ಟು ದಿನ ಕೊಡೋಣ.